ಬಾವಿ ಮುಚ್ಚಿಸಿದ ಫೋನ್

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಖಾಸಗಿ ಲ್ಯಾಬಿನಲ್ಲಿ ನಾನು ನೀರು ಪರೀಕ್ಷಿಸುವ ಕೆಲಸದಲ್ಲಿದ್ದೆ. ಒಂದು ಬೆಳಿಗ್ಗೆ ಐವತ್ತು ದಾಟಿದ ಒಬ್ಬರು ಪ್ಲಾಸ್ಟಿಕ್ ಕ್ಯಾನ್ ಹಿಡಿದು ಕೌಂಟರಿಗೆ ಬಂದರು. ನಾನು ಫೋನಿನಲ್ಲಿ ತಂಗಿಯ ಜೊತೆ ಕೊಂಕಣಿಯಲ್ಲಿ ಮಾತಾಡುವುದು ಅವರ ಕಿವಿಗೆ ಬಿದ್ದಿತ್ತು.

"ಊರು ಕುಡ್ಲವಾ ಅಕ್ಕ?"

ಅವರು ನಮ್ಮ ಮಂಗಳೂರಿನ ಪಕ್ಕದ ಉಳ್ಳಾಲದ ಬ್ಯಾರಿ. ಅಲ್ ಐನ್‌ನಿಂದಾಚೆ, ಮರಳುಗಾಡಿನ ಅಂಚಿನಲ್ಲಿ ಒಂದು ಖರ್ಜೂರದ ತೋಟದ ಮೇಸ್ತ್ರಿ.

"ಬೋರಿನ ನೀರು ಸೀಮೆಎಣ್ಣೆ ವಾಸನೆ ಬರ್ತದೆ. ಮ್ಯಾನೇಜರ್ ಉಪ್ಪು ಮಾತ್ರ ನೋಡಿಸಿಕೊಂಡು ಬಾ ಅಂದಿದ್ದಾನೆ. ಟ್ಯಾಂಕರ್ ಬಾರದ ದಿನ ನಾವು ಒಂಬತ್ತು ಜನ ಇದನ್ನೇ ಕುಡಿಯುವುದು."

ಪ್ಲಾಸ್ಟಿಕ್ ಕ್ಯಾನ್ ನೀರಿನಲ್ಲಿರುವ ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಆ ನೀರಿನ ಲೆಕ್ಕ ಸರಿ ಬರುವುದಿಲ್ಲ. ಎರಡು ಗಾಜಿನ ಬಾಟಲಿ ಕೊಟ್ಟು ಕಳಿಸಿದೆ. ಮುಂದಿನ ವಾರ ಅವನ್ನು ಹಳೆಯ ಲುಂಗಿಯಲ್ಲಿ ಸುತ್ತಿ, ಮಗುವಿನಂತೆ ಎದೆಗವಚಿಕೊಂಡು ತಂದರು.

ಯಾರೂ ಕೇಳದಿದ್ದ ಪರೀಕ್ಷೆಯನ್ನು ಊಟದ ಬಿಡುವಿನಲ್ಲಿ ಮಾಡಿದೆ. ಎಣ್ಣೆಯ ಅಂಶ ಇತ್ತು, ಕುಡಿಯುವ ನೀರಿನಲ್ಲಿ ಇರಬಾರದಷ್ಟು. ತೋಟದ ಹಿಂದಿನ ದಿಬ್ಬದಾಚೆ ಎರಡು ವರ್ಷದಿಂದ ತೈಲದ ಬಾವಿ ಕೊರೆಯುತ್ತಿದ್ದಾರೆ, ವಾಸನೆಯೂ ಆಗಿನಿಂದಲೇ ಎಂದು ಅವರು ಹೇಳಿದ್ದರು. ಅಲ್ಲಿಂದಲೇ ಬಂದದ್ದೋ, ತೋಟದ ಡೀಸೆಲ್ ಪಂಪಿನಿಂದ ಇಳಿದದ್ದೋ, ಎರಡು ಬಾಟಲಿ ನೀರು ಹೇಳಲಾರದು. ಮತ್ತಷ್ಟು ಸ್ಯಾಂಪಲ್ ಬೇಕಿತ್ತು.

ನನ್ನ ಮೇಲಿನ ಅಧಿಕಾರಿ ಹಾಳೆ ನೋಡಿ ಕೇಳಿದ್ದು ಒಂದೇ: "ಈ ಟೆಸ್ಟ್ ಯಾರು ಕೇಳಿದ್ದು?" ವರದಿಯಲ್ಲಿ ಉಪ್ಪಿನ ಅಂಕಿ ಮಾತ್ರ ಹೋಯಿತು. ನನ್ನ ವೀಸಾ ಅದೇ ಕಂಪೆನಿಯದ್ದು.

ಸಂಜೆ ಬಸ್ ಸ್ಟಾಪಿನಿಂದ ಮೇಸ್ತ್ರಿಗೆ ಫೋನ್ ಮಾಡಿದೆ. "ಆ ನೀರು ಕುಡಿಯಬೇಡಿ. ನಾನು ಹೇಳಿದ್ದು ಅಂತ ಮಾತ್ರ ಹೇಳಬೇಡಿ."

ಮಾತು ಕೊಟ್ಟಂತೆ ಅವರು ನನ್ನ ಹೆಸರು ಹೇಳಲಿಲ್ಲ. ಆದರೆ ಒಂಬತ್ತು ಜನರೂ ಬೋರಿನ ನೀರು ಮುಟ್ಟುವುದಿಲ್ಲ ಎಂದು ಕೂತರು. ಮ್ಯಾನೇಜರ್ ಒಂದು ವಾರ ಬೈದ, ಆಮೇಲೆ ಸುದ್ದಿ ಹೊರಗೆ ಹೋಗಿ ತಪಾಸಣೆಗೆ ಬಂದಾರೆಂದು ಹೆದರಿ ಬೋರಿನ ಬಾಯಿಗೆ ಕಾಂಕ್ರೀಟ್ ಸುರಿಸಿದ. ನಾನು ಗೆದ್ದೆ ಎಂದುಕೊಂಡೆ. ನೀರಿಲ್ಲದ ತೋಟವನ್ನು ಮಾಲೀಕ ಇಟ್ಟುಕೊಳ್ಳಲಿಲ್ಲ. ತಿಂಗಳೊಳಗೆ ಆ ಒಂಬತ್ತೂ ಜನರ ವೀಸಾ ಕ್ಯಾನ್ಸಲ್ ಆಯಿತು.

ಮೇಸ್ತ್ರಿ ಏರ್‌ಪೋರ್ಟಿನಿಂದ ಫೋನ್ ಮಾಡಿದರು.

"ಖಲಾಸ್ ಅಕ್ಕ. ಊರಿಗೆ ಹೊರಟೆ."

"ನಾನು ಹೇಳಬಾರದಿತ್ತಾ?"

"ಛೆ, ಹಾಗೆ ಹೇಳ್ಬೇಡಿ. ಆದ್ರೆ ಒಂದು ಕೇಳ್ತೇನೆ. ಎರಡು ವರ್ಷ ಕುಡಿದದ್ದು ಉಂಟಲ್ಲ, ಊರಿನ ಡಾಕ್ಟರ ಹತ್ರ ಎಂಥ ನೋಡಿ ಅಂತ ಹೇಳುವುದು?"

ನನ್ನ ಪರೀಕ್ಷೆಯ ಅಂಕಿಗಳನ್ನು ಬರೆದು ಅವರ ಮೊಬೈಲಿಗೆ ಕಳಿಸಿದೆ. ಲ್ಯಾಬಿನ ಹೆಸರಿಲ್ಲ, ಸೀಲಿಲ್ಲ, ಸಹಿಯಿಲ್ಲ.

ಎರಡು ತಿಂಗಳ ನಂತರ ಮೇಸ್ತ್ರಿಯೇ ಫೋನ್ ಮಾಡಿ ಹೇಳಿದರು: ಡಾಕ್ಟರ್ ಅದನ್ನು ನೋಡಿ, ಇದು ಯಾರು ಕೊಟ್ಟ ರಿಪೋರ್ಟ್ ಎಂದು ಕೇಳಿದರಂತೆ. ನನ್ನ ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದರಲ್ಲ, ಗೊತ್ತಿಲ್ಲ ಎಂದು ಎದ್ದು ಬಂದರಂತೆ.