ಚಮಚದಲ್ಲಿ ಮೀನೂಟ

ಕುಂದಾಪುರದ ಹೋಟೆಲಿನಲ್ಲಿ ಕೂತು ಮೀನೂಟವನ್ನು ಚಮಚದಲ್ಲಿ ಉಂಡವಳನ್ನು ಯಾರಾದರೂ ಕ್ಷಮಿಸುತ್ತಾರಾ? ಕಳೆದ ಭಾನುವಾರ ನಾನು ಉಂಡೆ. ಪಶ್ಚಾತ್ತಾಪ ಎಳ್ಳಷ್ಟೂ ಇಲ್ಲ.

ಕಾರಣ, ನನ್ನ ಅಣ್ಣ. ಮುಂಬೈಯಲ್ಲಿ ಹೋಟೆಲ್ ನಡೆಸುತ್ತಾನೆ. ಊರಿಗೆ ಬಂದಾಗಲೆಲ್ಲ ಅಮ್ಮನನ್ನೂ ನನ್ನನ್ನೂ ಊಟಕ್ಕೆ ಕರೆದೊಯ್ಯುತ್ತಾನೆ. ಬಿಲ್ ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ನಾನು ಪರ್ಸ್ ಮುಟ್ಟಿದರೆ ಸಾಕು, ಒಂದು ಇಂಗ್ಲಿಷ್ ಶಬ್ದ ಎಸೆಯುತ್ತಾನೆ. ಒಮ್ಮೆ ‘ಟ್ರೀಟ್’. ಇನ್ನೊಮ್ಮೆ ‘ಸ್ಪಾನ್ಸರ್’. ಹೋದ ಸಲ ‘ಹೋಸ್ಟ್’. ಪೇ, ಸ್ಪೆಂಡ್, ಸೆಟಲ್... ದುಡ್ಡು ಕೊಡುವುದಕ್ಕೆ ಇಂಗ್ಲಿಷಿನಲ್ಲಿ ಅದೆಷ್ಟು ಶಬ್ದಗಳು ಮಾರಾಯ್ರೆ! ಎಲ್ಲವೂ ಅವನ ಪಾಲಿಗೆ. ನನ್ನ ಪಾಲಿಗೆ ಉಳಿಯುವುದು ಒಂದೇ, ಥ್ಯಾಂಕ್ಸ್.

ನಾನು ಬಾರ್ಕೂರಿನಲ್ಲಿ ಟೀಚರ್. ಸಂಬಳ ಬರುತ್ತದೆ (ತಡವಾಗಿಯಾದರೂ). ಅವನ ಕಣ್ಣಿಗೆ ಮಾತ್ರ ಇನ್ನೂ ಐಸ್‌ಕ್ಯಾಂಡಿಗೆ ಕೈ ಚಾಚುವ ತಂಗಿ. ಅದು ನನಗೆ ನಿಜವಾಗಿ ನೋಯುತ್ತಿತ್ತು.

ಈ ಸಲ ಅವನ ದೌರ್ಬಲ್ಯ ಹುಡುಕಿದೆ. ಮೀನುಸಾರು ಕಲಸಿದ ಕೈ! ತೊಳೆಯದೆ ಮೊಬೈಲ್ ಮುಟ್ಟುವಂತಿಲ್ಲ. ಎಡಗೈಯಲ್ಲಿ ದುಡ್ಡು ಕೊಡುವುದು ಅವನ ಜಾಯಮಾನದಲ್ಲೇ ಇಲ್ಲ.

“ಹ್ವಾಯ್, ಒಂದ್ ಚಮ್ಚ ಕೊಡಿ” ಎಂದೆ ಸಪ್ಲೈಯರಿಗೆ.

“ಎಂತಾಯ್ತೆ ನಿಂಗೆ?” ಅಮ್ಮನಿಗೆ ಗಾಬರಿ.

“ಕೈ ಸುಟ್ಕಂಡೆ.” (ಶುದ್ಧ ಸುಳ್ಳು.)

ಬಂಗುಡೆಯ ಮುಳ್ಳನ್ನು ಚಮಚದಲ್ಲಿ ಬಿಡಿಸುವ ಕಷ್ಟ ಶತ್ರುವಿಗೂ ಬೇಡ. ಅರ್ಧ ಮೀನು ತಟ್ಟೆಯಲ್ಲೇ ಉಳಿಯಿತು. ಅಣ್ಣ ಕೊನೆಯ ತುತ್ತು ಮುಗಿಸಿ ಕೈ ತೊಳೆಯಲು ಎದ್ದ. ನಾನು ನೇರ ಕೌಂಟರಿಗೆ ನಡೆದೆ. ಸ್ಕ್ಯಾನ್ ಮಾಡಿದೆ. ದುಡ್ಡು ಹೋಯಿತು. ದುಡ್ಡು ಹೋದದ್ದಕ್ಕೆ ಇಷ್ಟು ಖುಷಿಪಟ್ಟವರು ಇನ್ಯಾರಾದರೂ ಇದ್ದಾರಾ?

ಅಣ್ಣ ಕೈ ಒರೆಸುತ್ತ ಬಂದ. “ಬಿಲ್ ಎಷ್ಟಾಯ್ತ್?”

“ಅವ್ರ್ ಕೊಟ್ಟಾಯ್ತ್” ಅಂದರು ಕೌಂಟರಿನವರು, ನನ್ನತ್ತ ತೋರಿಸಿ.

“ಅದ್ ವಾಪಸ್ ಹಾಕಿ. ನಾ ಕೊಡ್ತೆ.”

ಅಷ್ಟರಲ್ಲಿ ಅಮ್ಮ ಬಾಯಿ ಹಾಕಿದರು. “ಕೊಡ್ಲಿ ಬಿಡಾ. ಅವ್ಳಿಗೂ ಆಸಿ ಇರ್ತಿಲ್ಯಾ?”

ಅಣ್ಣ ನನ್ನ ಮುಖ ನೋಡಿದ. ಹೊರತೆಗೆದಿದ್ದ ಮೊಬೈಲನ್ನು ಜೇಬಿಗೆ ಇಳಿಸಿದ. ಯಾವ ಇಂಗ್ಲಿಷ್ ಶಬ್ದವೂ ಹೊರಡಲಿಲ್ಲ. ಬಾಗಿಲ ಹತ್ತಿರ ಬಂದಾಗ ಮೆಲ್ಲಗೆ ಅಂದ, “ಊಟ ಲಾಯ್ಕಿತ್ತ್ ಮಾರಾಯ್ತಿ.”

ನನ್ನ ಅತಿಥಿಯಾಗಿ ಅವನು ಆಡಿದ ಮೊದಲ ಮಾತು ಅದು. ಗೆದ್ದೆ ಅನಿಸಿತು. ಕಾರಿನಲ್ಲಿ ಮುಂದಿನ ಸೀಟಿನಲ್ಲೇ ಕೂತೆ, ರಾಣಿಯ ಹಾಗೆ.

ಕೊಡುವುದು ಇಷ್ಟು ರುಚಿ ಅಂತ ಗೊತ್ತಿದ್ದೂ, ಇಷ್ಟು ವರ್ಷ ಅದನ್ನು ನೀನೊಬ್ಬನೇ ಉಂಡೆಯಲ್ಲ ಅಣ್ಣಯ್ಯ?