ತಂಬೂರಿಗೆ ಮಾಡಿಸಿದ ಪೆಟ್ಟಿಗೆ

ನಮ್ಮ ನಡುಮನೆಯ ಗೋಡೆಗೆ ಆನಿಸಿ ಒಂದು ಮರದ ಪೆಟ್ಟಿಗೆ ಇಟ್ಟಿದ್ದೇನೆ. ನನ್ನ ಭುಜದೆತ್ತರದ್ದು, ಮೇಲೆ ಕಿರಿದು, ಕೆಳಗೆ ಗುಂಡಗೆ ಅಗಲ. ಹೊಸದಾಗಿ ಮನೆಗೆ ಬಂದವರು ಏನಿದು ಎಂದು ಕೇಳದೆ ಇರುವುದಿಲ್ಲ. ತಂಬೂರಿ ಪೆಟ್ಟಿಗೆ ಅನ್ನುತ್ತೇನೆ. ತೆಗೆದು ತೋರಿಸ್ರಿ ಅಂದರೆ ಬೀಗದ ಕೈ ಎಲ್ಲೋ ಇಟ್ಟು ಮರೆತಿದ್ದೇನೆ ಅನ್ನುತ್ತೇನೆ. ಬೀಗದ ಕೈ ನನ್ನ ಅಂಗಿಯ ಜೇಬಿನಲ್ಲೇ ಇರುತ್ತದೆ.

ನಾನು ಶಿಕಾರಿಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹಗಲೆಲ್ಲ ಜನರ ಪಹಣಿ, ಖಾತೆ, ಪೋಡಿ ಅರ್ಜಿಗಳ ಜೊತೆ ಜಗಳ. ಸಿಡುಕ ಎಂದು ಹೆಸರು ಪಡೆದಿದ್ದೇನೆ, ಅದು ಸುಳ್ಳಲ್ಲ. ಹಾಡುವಾಗ ಮಾತ್ರ ನನ್ನ ಸಿಡುಕು ಇಳಿಯುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ನನಗೆ ಹಾಡು ಕಲಿಸಿದವರು ಸೊರಬ ತಾಲ್ಲೂಕಿನ ಉಳವಿಯ ಒಬ್ಬ ಗವಾಯಿಗಳು. ಕಣ್ಣಿಲ್ಲದವರು. ಉತ್ತರ ಕರ್ನಾಟಕದ ಮಠವೊಂದರಲ್ಲಿ ಹತ್ತು ವರ್ಷ ಕಲಿತು ಬಂದವರು, ಹಾಗಾಗಿ ಮಾತಿನಲ್ಲಿ ಕೊನೆಯವರೆಗೂ ಆ ಸೀಮೆಯ ಧಾಟಿ ಉಳಿದಿತ್ತು. ಇಪ್ಪತ್ತು ವರ್ಷ ಅವರ ಜಗಲಿಯ ಮೇಲೆ ಕೂತು ಬೈಸಿಕೊಂಡಿದ್ದೇನೆ. ನನಗೆ ಬೈದು ದಕ್ಕಿಸಿಕೊಂಡವರು ಈ ಭೂಮಿಯ ಮೇಲೆ ಅವರೊಬ್ಬರೇ.

ಬೆರಳಿನ ಗಂಟುಗಳು ಬಾತು ಪಾಠ ಹೇಳುವುದನ್ನು ನಿಲ್ಲಿಸಿದಾಗ ತಮ್ಮ ತಂಬೂರಿಯನ್ನು ನನಗೆ ಕೊಟ್ಟರು. ಅದು ಅವರಿಗೆ ಅವರ ಗುರುಗಳು ಕೊಟ್ಟದ್ದು. ಒಂದೇ ಷರತ್ತು ಹಾಕಿದರು. "ತಿಂಗಳಿಗೆ ಒಂದು ಸಲ ತರಬೇಕು ತಮ್ಮಾ. ನಾ ಶ್ರುತಿ ಮಾಡಿ ಕೊಡ್ತೀನಿ. ನಿನ್ನ ಕಿವಿ ಮ್ಯಾಲ ನನಗ ಅಷ್ಟು ಭರವಸೆ ಇಲ್ಲ."

ಅವರು ಶ್ರುತಿ ಮಾಡುವ ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಲಗೈಯಲ್ಲಿ ಬಿರಡೆ ತಿರುಗಿಸುತ್ತ ಎಡ ಅಂಗೈಯನ್ನು ಸೋರೆ ಬುರುಡೆಯ ಮೇಲೆ ಒತ್ತಿ ಇಟ್ಟುಕೊಳ್ಳುತ್ತಿದ್ದರು. ತಂತಿ ಮೀಟಲು ಮಾತ್ರ ನಾನು. ತಂತಿ ಸರಿಯಾದಾಗ ಬುರುಡೆ ಒಳಗಿನಿಂದ ನಡುಗುತ್ತದೆಯಂತೆ. ಕಿವಿಗೆ ಮೊದಲು ಕೈಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ನಾನು ಎಷ್ಟೋ ಸಲ ಕೈಯಿಟ್ಟು ನೋಡಿದೆ. ನಡುಕ ತಿಳಿಯುತ್ತಿತ್ತು, ಸರಿ ತಪ್ಪು ತಿಳಿಯುತ್ತಿರಲಿಲ್ಲ.

ಶಿಕಾರಿಪುರದಿಂದ ಉಳವಿಗೆ ಸೊರಬದಲ್ಲಿ ಬಸ್ಸು ಬದಲಾಯಿಸಬೇಕು. ತಂಬೂರಿಗೆ ಬಟ್ಟೆಯ ಗವಸು ಹಾಕಿ, ಮಗುವನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದೆ. ಒಂದು ಸಲ ಬ್ರೇಕ್ ಹಾಕಿದ ರಭಸಕ್ಕೆ ಯಾರದೋ ಶುಂಠಿ ಚೀಲ ಬಂದು ಬಡಿದು ಒಂದು ಬಿರಡೆ ಮುರಿಯಿತು. ಚೀಲದವನ ಜೊತೆ ಸೊರಬದ ತನಕ ಜಗಳವಾಡಿದೆ. ಗವಾಯಿಗಳು ಮುರಿದ ಬಿರಡೆ ಸವರಿ, "ಹೋಗ್ಲಿ ಬಿಡು, ಇನ್ನೊಂದು ಹಾಕಿಸಿದ್ರಾತು" ಎಂದರು. ನನಗೆ ಸಮಾಧಾನವಾಗಲಿಲ್ಲ. ಗಟ್ಟಿ ಪೆಟ್ಟಿಗೆಯೊಂದನ್ನು ಮಾಡಿಸುತ್ತೇನೆ ಎಂದೆ. "ಬಟ್ಟೆ ಗವಸು ಸಾಕೋ. ಅದು ಕೈಯಾಗ ಇರೋ ಸಾಮಾನು, ಪೆಟ್ಟಿಗ್ಯಾಗ ಇರೋದಲ್ಲ" ಎಂದರು. ಅವರಿಗೇನು ಗೊತ್ತು ಬಸ್ಸಿನ ಕಷ್ಟ ಎಂದುಕೊಂಡೆ.

ಸೊರಬದಲ್ಲಿ ಬಾಗಿಲು ಕಿಟಕಿ ಮಾಡುವ ಆಚಾರ್ರೊಬ್ಬರು ಒಪ್ಪಿಕೊಂಡರು. ಹಳೆಯ ಪೇಪರು ಹಾಸಿ ತಂಬೂರಿಯನ್ನು ಮಲಗಿಸಿ ಸುತ್ತಲೂ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡರು. ಹಲಸಿನ ಹಲಗೆ, ಹಿತ್ತಾಳೆಯ ಕೊಂಡಿ, ಒಳಗೆ ಹತ್ತಿ ತುಂಬಿ ಕೆಂಪು ಮಖಮಲ್ಲು, ತಂತಿ ದಾರ ಇಟ್ಟುಕೊಳ್ಳಲು ಮುಚ್ಚಳವಿರುವ ಒಂದು ಸಣ್ಣ ಗೂಡು. ಎಲ್ಲವನ್ನೂ ನಾನೇ ನಿಂತು ಹೇಳಿ ಮಾಡಿಸಿದೆ. ನಡುವೆ ಆಚಾರ್ರು ಒಂದು ಮಾತು ಕೇಳಿದರು.

"ಬದಿಗೆ ಎರಡು ತೂತು ಬಿಡ್ತೇನ್ರಿ. ನಮ್ಮ ಕಡೆ ಮಳೆಗೆ ಮುಚ್ಚಿಟ್ಟದ್ದೆಲ್ಲ ಬೂಸ್ಟು ಹಿಡೀತದೆ."

"ತೂತು ಬಿಟ್ರೆ ಇರುವೆ ಜಿರಲೆ ಹೋಗಲ್ವೇನ್ರಿ? ಗಾಳಿ ಸಹ ಆಡಬಾರದು, ಹಾಗೆ ಮಾಡಿ" ಎಂದೆ.

"ಎಂತದೋ ಮಾರಾಯ್ರೆ, ನೀವು ಹೇಳಿದಾಂಗೆ ಮಾಡ್ತೆ" ಎಂದು ಆಚಾರ್ರು ತಲೆ ಆಡಿಸಿದರು. ಹೇಳಿದ ಹಾಗೆಯೇ ಮಾಡಿದರು. ಅವರ ಕೆಲಸದಲ್ಲಿ ಇವತ್ತಿಗೂ ಒಂದು ಕೊರತೆ ಹೇಳಲಾರೆ.

ಪೆಟ್ಟಿಗೆ ಮನೆಗೆ ಬಂದ ದಿನ ಹೆಂಡತಿ ಹೊಸ್ತಿಲಲ್ಲೇ ತಡೆದಳು. "ಬರಿ ಪೆಟ್ಟಿಗೆ ಒಳಗೆ ತರಬೇಡ್ರಿ, ಒಂದು ಹಿಡಿ ಭತ್ತ ಹಾಕ್ರಿ" ಎಂದು ಮೊರದಲ್ಲಿ ಭತ್ತ ತಂದಳು. ಕಣಜವಿರಲಿ, ಬೀರುವಿರಲಿ, ನಮ್ಮಲ್ಲಿ ಯಾವುದೂ ಬರಿದಾಗಿ ಮನೆ ಸೇರುವ ಹಾಗಿಲ್ಲ. ಭತ್ತ ನಮ್ಮದೇ, ಅಂಜನಾಪುರ ಡ್ಯಾಮಿನ ನೀರಿನಲ್ಲಿ ಹಿಂದಿನ ವರ್ಷ ಬೆಳೆದದ್ದು. ಒಂದು ಹಿಡಿ ಸಾಕಿತ್ತು. ನಾನು ಹುರುಪಿನಲ್ಲಿ ಮೂರು ಹಿಡಿ ತೆಗೆದು ಆ ಸಣ್ಣ ಗೂಡಿಗೆ ಸುರಿದು ಮುಚ್ಚಳ ಹಾಕಿದೆ. ವಾರ ಕಳೆದ ಮೇಲೆ ಅದನ್ನು ತೆಗೆದು ಹಕ್ಕಿಗಳಿಗೆ ಹಾಕಬೇಕು. ಹೆಂಡತಿ ಎರಡು ಸಲ ನೆನಪಿಸಿದಳು. ಹಾಕ್ತೀನಿ ತಡಿಯೇ ಎಂದು ಎರಡು ಸಲವೂ ರೇಗಿದೆ. ಮೂರನೆಯ ಸಲ ಅವಳು ಹೇಳಲಿಲ್ಲ.

ಕಚೇರಿಯವರು, ಭಜನೆಯವರು, ಓಣಿಯವರು ಎಲ್ಲರೂ ಪೆಟ್ಟಿಗೆ ನೋಡಿ ಹೋದರು. ಮುಚ್ಚಳ ಎತ್ತಿದಾಗ ಕೆಂಪು ಮಖಮಲ್ಲಿನ ನಡುವೆ ತಂಬೂರಿ ಮಲಗಿರುವುದನ್ನು ಕಂಡು ಅವರು ಅಬ್ಬಾ ಎಂದರೆ ನನಗೆ ಹಾಡಿ ಚಪ್ಪಾಳೆ ಪಡೆದಷ್ಟು ಖುಷಿ. ಹಾಡಿ ನಾನು ಅಷ್ಟು ಚಪ್ಪಾಳೆ ಪಡೆದದ್ದೂ ಇಲ್ಲ.

ಮುಂದಿನ ತಿಂಗಳು ಅದನ್ನು ಓಣಿಯ ಹುಡುಗನೊಬ್ಬನ ಜೊತೆ ಹೊತ್ತು ಬಸ್ ನಿಲ್ದಾಣಕ್ಕೆ ಹೋದಾಗ ತಪ್ಪು ಗೊತ್ತಾಯಿತು. ಒಬ್ಬನಿಂದ ಎತ್ತಲಾಗದಷ್ಟು ಭಾರ. ಕಂಡಕ್ಟರ್ ಮೇಲೆ ಕೆಳಗೆ ನೋಡಿ, "ಇದೇನ್ರಿ, ಬೀರು ತಂದೀರಿ? ಸೀಟಿಗೆ ಬರಂಗಿಲ್ಲ ಇದು, ಇಳಿಸ್ರಿ" ಎಂದ. ವಾಪಸು ತಂದೆ. "ಮೂಗಿಗಿಂತ ಮೂಗುತಿ ಭಾರ ಆತು ನೋಡ್ರಿ" ಎಂದು ಹೆಂಡತಿ ನಕ್ಕಳು. ಪೆಟ್ಟಿಗೆ ಬಿಟ್ಟು ಗವಸಿನಲ್ಲೇ ಒಯ್ಯಬಹುದಿತ್ತು. ಇಷ್ಟು ಮಾಡಿಸಿ ಮತ್ತೆ ಗವಸೇ ಎಂಬ ಹಟ ಬಿಡಲಿಲ್ಲ. ಗಾಡಿ ಮಾಡಿಕೊಂಡು ಹೋದರಾಯಿತು, ಮುಂದಿನ ತಿಂಗಳು ಎಂದುಕೊಂಡೆ. ಮಳೆ ಹಿಡಿಯಿತು. ಆ ಕೊಂಡಿಗಳನ್ನು ತೆಗೆದು ಹಾಕುವುದು ಬೇಸರವಾಗಿ ಮನೆಯ ಅಭ್ಯಾಸಕ್ಕೂ ಫೋನಿನೊಳಗಿನ ತಂಬೂರಿಯನ್ನೇ ಹಚ್ಚಿಕೊಳ್ಳತೊಡಗಿದೆ. ಶ್ರುತಿ ಇಳಿಯುವುದಿಲ್ಲ, ಬೆರಳು ನೋಯುವುದಿಲ್ಲ.

ಶ್ರಾವಣದಲ್ಲಿ ಗವಾಯಿಗಳ ಹೆಂಡತಿ ಫೋನು ಮಾಡಿದರು. ಗವಾಯಿಗಳಿಗೆ ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದೂ ದಿನದಿನಕ್ಕೆ ಮಂದವಾಗುತ್ತಿದೆ, ಶಿವಮೊಗ್ಗದ ಡಾಕ್ಟರು ಇದು ಉಳಿಯುವುದಿಲ್ಲ ಎಂದಿದ್ದಾರೆ ಎಂದರು. ಆಮೇಲೆ ಗವಾಯಿಗಳೇ ಫೋನು ಇಸಕೊಂಡು ಕೂಗಿದರು. "ತಮ್ಮಾ, ಕಿವಿ ಇರೂದ್ರಾಗ ಒಂದ್ ಸಲ ತಾ. ಒಂದ್ ಸಲ ಕೇಳಿಬಿಟ್ರ ಸಾಕು, ಆಮ್ಯಾಲ ಏನೂ ಬ್ಯಾಡ."

ಬರ್ತೀನಿ ಎಂದು ನಾನೂ ಕೂಗಿದೆ. ನಿಜವಾಗಿಯೂ ಹೋಗಬೇಕೆಂದೇ ಇದ್ದೆ. ಗಾಡಿಯವನು ಬರುತ್ತೇನೆಂದವನು ಬರಲಿಲ್ಲ, ಆಮೇಲೆ ಹಬ್ಬ, ಆಮೇಲೆ ಕಚೇರಿಯಲ್ಲಿ ತಪಾಸಣೆ. ಮತ್ತೆರಡು ಸಲ ಫೋನು ಬಂತು. ಎರಡನೆಯ ಸಲ ನಾನು ಹೇಳಿದ್ದು ಅವರಿಗೆ ಕೇಳಿಸಲಿಲ್ಲ, ಅವರ ಹೆಂಡತಿ ಕಿವಿಯ ಹತ್ತಿರ ಒದರಿ ಹೇಳಬೇಕಾಯಿತು. ಅವತ್ತು ನನಗೆ ಹೆದರಿಕೆಯಾಯಿತು. ಮರುದಿನಕ್ಕೆ ಗಾಡಿ ಗೊತ್ತು ಮಾಡಿ ಪೆಟ್ಟಿಗೆ ತೆಗೆದೆ.

ಮಖಮಲ್ಲಿನ ಮೇಲೆ ಬಿಳಿ ಹಿಟ್ಟು ಬಿದ್ದಿತ್ತು. ಮೊದಲು ಬೂಸ್ಟು ಎಂದುಕೊಂಡು ಬಟ್ಟೆಯಲ್ಲಿ ಒರೆಸಿದೆ. ಒರೆಸಿದ ಕಡೆ ಸೋರೆ ಬುರುಡೆಯ ತುಂಬ ಸೂಜಿಯಲ್ಲಿ ಚುಚ್ಚಿದಂಥ ತೂತುಗಳು ಕಂಡವು. ಸಣ್ಣ ಗೂಡಿನ ಮುಚ್ಚಳ ತೆಗೆದರೆ ಭತ್ತ ಬರೀ ಹೊಟ್ಟಾಗಿತ್ತು, ಅದರೊಳಗೆ ಕಪ್ಪು ಕುಟ್ಟೆ ಹುಳುಗಳು ಹರಿದಾಡುತ್ತಿದ್ದವು. ಭತ್ತ ಮುಗಿಸಿ ಬುರುಡೆಗೆ ಬಂದಿದ್ದವು. ಗಾಳಿಯಿಲ್ಲ, ಬೆಳಕಿಲ್ಲ, ಮಳೆಗಾಲದ ಬೆಚ್ಚನೆಯ ಕತ್ತಲು. ಅವಕ್ಕೆ ಬೇಕಾದದ್ದನ್ನೆಲ್ಲ ನಾನೇ ಹೇಳಿ ಮಾಡಿಸಿದ್ದೆ. ಆದರೂ ಆಸೆಯಿಂದ ಒಂದು ತಂತಿ ಬಿಗಿಮಾಡಿದೆ. ಎರಡು ಸುತ್ತಿಗೇ ಬುರುಡೆ ಹಪ್ಪಳದ ಹಾಗೆ ಮುರಿದು, ತಂತಿ ಹೊತ್ತ ಕುದುರೆ ಹಲಗೆಯ ಸಮೇತ ಒಳಗೆ ಕುಸಿಯಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಶಿವಮೊಗ್ಗದ ವಾದ್ಯದ ಅಂಗಡಿಯವರಿಗೆ ಫೋನು ಮಾಡಿದೆ. ಅಂಥ ದೊಡ್ಡ ಬುರುಡೆ ಮಹಾರಾಷ್ಟ್ರದಿಂದ ಬರಬೇಕು, ಕೂರಿಸಿ ಒಣಗಿಸಿ ಕೊಡಲು ನಾಲ್ಕು ತಿಂಗಳಾದರೂ ಬೇಕು ಎಂದರು. ಗವಾಯಿಗಳ ಕಿವಿಗೆ ನಾಲ್ಕು ವಾರವೂ ಇರಲಿಲ್ಲ. ಯಾರಿಂದಲಾದರೂ ಬೇರೆ ತಂಬೂರಿ ಕಡ ತರಬಹುದಿತ್ತು, ಅಥವಾ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದಿತ್ತು. ನನಗೆ ಹೊಳೆದದ್ದು ಬೇರೆ. ಅವರಿಗೆ ಕಣ್ಣಿಲ್ಲ, ಕಿವಿ ಅರ್ಧ. ಏನು ಗೊತ್ತಾಗುತ್ತದೆ ಎಂದುಕೊಂಡೆ. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೆ ಅವತ್ತು ಮನಸ್ಸು ಹಿಂಜರಿಯಲಿಲ್ಲ.

ಮುರಿದ ಬುರುಡೆಗೆ ಒಳಗಿಂದ ರಟ್ಟು ಕೊಟ್ಟು, ಹೊರಗೆ ಹಳೆಯ ಗವಸು ಬಿಗಿದು, ಮತ್ತೆ ಪೆಟ್ಟಿಗೆಯಲ್ಲಿಟ್ಟು ಗಾಡಿಯಲ್ಲಿ ಉಳವಿಗೆ ಒಯ್ದೆ. ಗವಾಯಿಗಳು ಬೆಳಗ್ಗೆಯೇ ಸ್ನಾನ ಮಾಡಿ, ವಿಭೂತಿ ಹಚ್ಚಿ, ಮಡಿ ಪಂಚೆ ಉಟ್ಟು ಜಗಲಿಯ ಮೇಲೆ ಕೂತಿದ್ದರು. ಅವರ ಹೆಂಡತಿ ಅಡುಗೆಮನೆಯಲ್ಲಿದ್ದರು. ನಾನು ಎದುರಿಗೆ ಕೂತು ತಂಬೂರಿ ನಿಲ್ಲಿಸಿಕೊಂಡೆ. ನಾನೇ ಶ್ರುತಿ ಮಾಡಿಕೊಂಡು ಬಂದಿದ್ದೇನೆ ಎಂದು ಅವರ ಕಿವಿಯಲ್ಲಿ ಒದರಿದೆ. ತೊಡೆಯ ಮೇಲಿನ ಶಾಲಿನೊಳಗೆ ಫೋನಿತ್ತು. ಅದರೊಳಗಿನ ತಂಬೂರಿ ಹಚ್ಚಿ ಧ್ವನಿ ಪೂರ್ತಿ ಏರಿಸಿದೆ.

ಅವರು ಉಳಿದ ಕಿವಿಯನ್ನು ಮುಂದೆ ತಂದರು. ಕೇಳಿಸಿತು. ಮುಖ ಅರಳಿತು. ಕಣ್ಣು ಒದ್ದೆಯಾಗಿ, ಬಾಯಿ ತೆರೆದು ಷಡ್ಜ ಹಿಡಿದರು. ನಡುಗುವ ದನಿಯಾದರೂ ಕೂದಲೆಳೆಯಷ್ಟೂ ತಪ್ಪಲಿಲ್ಲ. ಬದುಕಿಕೊಂಡೆ ಎಂದು ನಾನು ಉಸಿರು ಬಿಟ್ಟೆ. ಆಗ ಅವರು ಎಡಗೈ ಚಾಚಿದರು. ಗವಸಿನ ಮೇಲಿನಿಂದಲೇ ಬುರುಡೆಯ ಮೇಲೆ ಅಂಗೈ ಇಟ್ಟರು.

ಹಾಡು ನಿಂತಿತು. ಅಂಗೈಯನ್ನು ಸ್ವಲ್ಪ ಮೇಲಕ್ಕೆ ಸರಿಸಿ ಮತ್ತೆ ಒತ್ತಿದರು, ಆಮೇಲೆ ತಂಬೂರಿಯ ಉದ್ದನೆಯ ದಂಡಿಯ ಮೇಲಿಟ್ಟರು. ಫೋನು ತನ್ನ ಪಾಡಿಗೆ ತಾನು ನುಡಿಯುತ್ತಲೇ ಇತ್ತು. ಅವರು ಕೈ ತೆಗೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಸಾಕು ತಮ್ಮಾ, ಆಫ್ ಮಾಡು. ಬ್ಯಾಟ್ರಿ ಖರ್ಚಾಗ್ತದ" ಎಂದರು.

ಆಫ್ ಮಾಡಿದೆ. ಏನಾಯಿತು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಕಾಲಿಗೆ ಬಿದ್ದು ಎಲ್ಲ ಹೇಳುತ್ತಿದ್ದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೇಳದೆ ಇದ್ದರೂ ಹೇಳಬಹುದಿತ್ತು, ಇನ್ನೂ ಒಂದು ಕಿವಿ ಇತ್ತು. ನಾನು ಗಾಡಿಯವನಿಗೆ ಹೊತ್ತಾಯಿತು ಎಂದು ಎದ್ದೆ. ಅವರ ಹೆಂಡತಿ ಒಳಗಿನಿಂದ ಓಡಿಬಂದರು. "ಪುಣ್ಯ ಕಟ್ಟಿಕೊಂಡ್ರಿ. ಇವರು ಹಾಡಿದ್ದು ಕೇಳಿ ಎಷ್ಟು ಕಾಲ ಆಗಿತ್ತು" ಎಂದು ಕೈ ಮುಗಿದು, ಅದನ್ನೇ ಅವರ ಕಿವಿಯ ಹತ್ತಿರವೂ ಒದರಿದರು. ಗವಾಯಿಗಳು, "ಹೌದು, ಶ್ರುತಿ ಚಲೋ ಇತ್ತು" ಎಂದರು. ಹೆಂಡತಿಯ ಮುಂದೆ ನನ್ನ ಮಾನ ಉಳಿಸಲು ಹೇಳಿದ ಆ ಮಾತು ನನ್ನನ್ನು ಸುಟ್ಟಿತು.

ಮುಂದಿನ ಹುಣ್ಣಿಮೆಯ ಹೊತ್ತಿಗೆ ಆ ಕಿವಿಯೂ ಹೋಯಿತು ಎಂದು ತಿಳಿಯಿತು. ನಾನು ಮೂರು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಕೊನೆಗೆ ತಡೆಯಲಾಗದೆ ಒಂದು ಭಾನುವಾರ ಬರಿಗೈಯಲ್ಲಿ ಬಸ್ಸು ಹತ್ತಿದೆ.

ಅವರಿಗೆ ಸಿಡುಬು ಬಂದು ಕಣ್ಣು ಹೋದದ್ದು ಹತ್ತು ವರ್ಷದವರಿದ್ದಾಗ. ಅಷ್ಟರಲ್ಲಿ ಶಾಲೆಯಲ್ಲಿ ಅಕ್ಷರ ಕಲಿತಿದ್ದರು. ಅದೇ ಈಗ ಉಪಯೋಗಕ್ಕೆ ಬಂದಿತ್ತು. ಹೆಂಡತಿ ಅವರ ಅಂಗೈ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆಯುತ್ತಿದ್ದರು. ಊಟ, ನೀರು, ಮಾತ್ರೆ. ಅವರು ಬಾಯಿಂದ ಉತ್ತರ ಹೇಳುತ್ತಿದ್ದರು, ತಮ್ಮ ದನಿ ತಮಗೇ ಕೇಳದ್ದರಿಂದ ತೀರಾ ಜೋರಾಗಿ. ನಾನು ಬಂದದ್ದನ್ನು ಹೆಂಡತಿ ಬರೆದು ತಿಳಿಸಿದರು. ಗವಾಯಿಗಳು ನನ್ನ ಕಡೆಗೆ ಅಂಗೈ ಚಾಚಿದರು.

ಅವರ ಹೆಂಡತಿ ಚಹಾ ಮಾಡಲು ಒಳಗೆ ಹೋದರು. ಜಗಲಿಯ ಮೇಲೆ ನಾವಿಬ್ಬರೇ. ನಾನು ಅವರ ಕೈ ಹಿಡಿದು ಬರೆಯತೊಡಗಿದೆ. ತ. ಅವರು "ತ" ಎಂದು ಜೋರಾಗಿ ಹೇಳಿದರು. ಪ್ಪಾ. "ಪ್ಪಾ" ಎಂದರು. ಮುಂದಿನ ಅಕ್ಷರಕ್ಕೆ ನನ್ನ ಬೆರಳು ಮುಟ್ಟುವಷ್ಟರಲ್ಲಿ ಅವರು ಅಂಗೈ ಮುಚ್ಚಿಕೊಂಡರು.

"ಬಿಸಿಲಾಗ್ಯದ. ಚಾ ಕುಡಿದು ಹೋಗು" ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದರು.

ಚಹಾ ಕುಡಿದೆ. ಕ್ಷಮಿಸಿ ಮುಚ್ಚಿದರೋ, ಇನ್ನು ನನ್ನ ಮಾತೇ ಬೇಡವೆಂದು ಮುಚ್ಚಿದರೋ ತಿಳಿಯಲಿಲ್ಲ. ಕೇಳೋಣವೆಂದರೆ ಇದ್ದ ದಾರಿ ಆ ಅಂಗೈ ಒಂದೇ. ಬಸ್ಸಿನ ಹೊತ್ತಾಗಿ ನಾನು ಎದ್ದು ಹೊರಡುವವರೆಗೂ ಅವರು ಅದನ್ನು ತೆರೆಯಲಿಲ್ಲ.