ಜಾಗ ಹಿಡಿಯುವ ವೆರ್ನಾ

ಆ ಕ್ಯಾಂಪಿನಲ್ಲಿ ಮುಂಗಡವಾಗಿ ಜಾಗ ಕಾದಿರಿಸುವ ಪದ್ಧತಿ ಇಲ್ಲ. ಮೊದಲು ಬಂದವರಿಗೆ ಮೊದಲು. ಬೇಕಾದ ನಂಬರಿನ ಕಂಬಕ್ಕೆ ಹೆಸರು ಬರೆದ ಚೀಟಿ ಸಿಕ್ಕಿಸಿ, ಗುಡಾರ ಹೊಡೆದರೆ ಆಯಿತು, ಜಾಗ ಅವರದು. ಜುಲೈ ನಾಲ್ಕರ, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದ ರಜೆಗೆಂದು ಹಿಂದಿನ ದಿನ ಬಂದರಂತೂ ಕಾಲಿಡಲೂ ಎಡೆಯಿರುವುದಿಲ್ಲ. ಹೀಗಾಗಿ ಸುಪೀರಿಯರ್ ಸರೋವರದ ಆ ದಡಕ್ಕೆ ಬರುವ ಒಂದೊಂದು ಕುಟುಂಬದಲ್ಲೂ ಮೂರು ದಿನ ಮೊದಲೇ ಬಂದು ಜಾಗ ಹಿಡಿದು ಕೂರುವವರು ಒಬ್ಬರು ಇದ್ದೇ ಇರುತ್ತಾರೆ. ಕೊಸ್ಕೆಲಾ ಕುಟುಂಬದಲ್ಲಿ ಅದು ವೆರ್ನಾ.

ಈ ಕೆಲಸ ಅವಳ ಪಾಲಿಗೆ ಬಂದದ್ದು ಬಹಳ ಸುಲಭವಾಗಿ. ಅವಳು ಊರಿನ ಶಾಲೆಯಲ್ಲಿ ಮಕ್ಕಳಿಗೆ ಊಟ ಬೇಯಿಸುತ್ತಿದ್ದಳು. ಬೇಸಿಗೆಯಲ್ಲಿ ಶಾಲೆಗೆ ರಜೆ. "ನಿಂಗೆ ಹೇಗೂ ರಜಾ ತಾನೆ, ಮಂಗಳವಾರಾನೇ ಹೋಗಿ ಕೂತಿರು" ಎಂದು ತಮ್ಮ ರೇನೋ ಒಂದು ವರ್ಷ ಹೇಳಿದ. ಅವಳು ಹೋಗಿ ಕೂತಳು. ಅದಾಗಿ ಇಪ್ಪತ್ತೊಂಬತ್ತು ಬೇಸಿಗೆ ಕಳೆದವು. ಶಾಲೆಯ ಕೆಲಸದಿಂದ ನಿವೃತ್ತಿಯಾದ ಮೇಲೂ ಅವಳಿಗೆ ರಜೆಯೇ ಎಂದು ಎಲ್ಲರೂ ತಿಳಿದರು. ಮದುವೆಯಾಗಲಿಲ್ಲ. ತಾಯಿಯನ್ನು ಕಡೆಗಾಲದವರೆಗೂ ನೋಡಿಕೊಂಡಳು. ತಾಯಿ ಹೋದ ಮೇಲೆ ಮನೆ ರೇನೋನ ಹೆಸರಿಗಾಯಿತು; ಅವನೂ ಹೆಂಡತಿ ಜೋನೆಲ್‌ಳೂ ಮಕ್ಕಳೂ ಮೇಲೆ, ವೆರ್ನಾಳಿಗೆ ನೆಲಮಾಳಿಗೆಯ ಮೂಲೆ ಉಳಿಯಿತು. ಬಟ್ಟೆ ಒಗೆಯುವ ಯಂತ್ರ ಇದ್ದದ್ದೂ ಅಲ್ಲೇ. ಆ ಮೂಲೆಗೆ ಬಾಗಿಲಿರಲಿಲ್ಲ, ಹೂವಿನ ಪರದೆ ಕಟ್ಟಿಕೊಂಡಿದ್ದಳು. ಬೆಳಿಗ್ಗೆ ಆರಕ್ಕೆ ಯಾರಾದರೊಬ್ಬರು ಕಾಲುಚೀಲ ಹುಡುಕುತ್ತ ಪರದೆ ಸರಿಸಿ, "ಎದ್ದಿದೀಯಾ? ಏಳ್ಬೇಡ, ಮಲ್ಕೋ" ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ನಿದ್ದೆ ಹಾರಿಹೋಗಿರುತ್ತಿತ್ತು.

ಕುಟುಂಬಕ್ಕೆ ಬೇಕಾದದ್ದು ಹದಿನಾಲ್ಕು ಮತ್ತು ಹದಿನೈದನೇ ನಂಬರು. ಅವು ಅಕ್ಕಪಕ್ಕ. ಹದಿನಾಲ್ಕು ಅಗಲವಾದದ್ದು, ಹದಿನೈದರಿಂದ ನೀರು ಕಾಣುತ್ತದೆ. ಆದರೆ ಹದಿನೈದರ ಬೆನ್ನಿಗೇ ಶೌಚಾಲಯ. ಇಡೀ ಕ್ಯಾಂಪಿನ ಜನ ಬಳಸುದಾರಿ ಬಿಟ್ಟು ಅದರ ನಡುವೆಯೇ, ಊಟದ ಮೇಜಿಗೆ ಸೊಂಟ ಸವರಿಕೊಂಡು, "ಗುಡ್ ಮಾರ್ನಿಂಗ್" ಹೇಳುತ್ತ ಹೋಗುತ್ತಾರೆ. ಕೈಯಲ್ಲಿ ಶೌಚದ ಕಾಗದದ ಸುರುಳಿ ಹಿಡಿದವರಿಗೂ ಮರುಶುಭಾಶಯ ಹೇಳಬೇಕು.

ಜಾಗ ಹಿಡಿಯುವುದೆಂದರೆ ಕುರ್ಚಿ ಹಾಕಿ ಹೋಗುವುದಲ್ಲ. ಕ್ಯಾಂಪು ನೋಡಿಕೊಳ್ಳುವ ಬರ್ಡೆಟ್ ಎಂಬ ಮುದುಕ ಬ್ಯಾಟರಿಯ ಪುಟ್ಟ ಗಾಡಿಯಲ್ಲಿ, ತೊಡೆಯ ಮೇಲೆ ನಾಯಿ ಕೂರಿಸಿಕೊಂಡು, ದಿನಕ್ಕೆ ಹತ್ತು ಸುತ್ತು ಬರುತ್ತಾನೆ. ಹಿಡಿದ ಜಾಗದಲ್ಲಿ ಕಾರಾದರೂ ಇರಬೇಕು, ಮನುಷ್ಯರಾದರೂ ಇರಬೇಕು. ಎರಡೂ ಇಲ್ಲವೆಂದರೆ ಚೀಟಿ ಕಿತ್ತು ಮುಂದಿನವರಿಗೆ ಕೊಟ್ಟುಬಿಡುತ್ತಾನೆ. ವೆರ್ನಾಳ ಹತ್ತಿರ ಇದ್ದದ್ದು ಒಂದೇ ಕಾರು. ಅದನ್ನು ಹದಿನಾಲ್ಕರಲ್ಲಿ ನಿಲ್ಲಿಸಿ ತಾನು ಹದಿನೈದರಲ್ಲಿ ಕೂರುತ್ತಿದ್ದಳು. ಕಾರು ತೆಗೆದರೆ ಹದಿನಾಲ್ಕು ಹೋಯಿತು, ತಾನೆದ್ದರೆ ಹದಿನೈದು ಹೋಯಿತು. ಎರಡೂ ಕಡೆ ಸಂಸಾರವಿದೆಯೆಂದು ಕಾಣಲು ಎರಡು ಒಲೆ ಹೊತ್ತಿಸುತ್ತಿದ್ದಳು, ಎರಡು ಹಗ್ಗಕ್ಕೂ ಟವೆಲ್ ಹರವುತ್ತಿದ್ದಳು. ಒಣಗಿದರೆ ಅನುಮಾನ ಬರುತ್ತದೆಂದು ಮತ್ತೆ ನೀರು ಚಿಮುಕಿಸಿ ಒದ್ದೆ ಮಾಡುತ್ತಿದ್ದಳು.

ಆ ವರ್ಷ ಬುಧವಾರ ಬೆಳಿಗ್ಗೆ ಅವಳು ನೀರಿಗೆಂದು ಕೈಪಂಪಿಗೆ ಹೋದಳು. ಕ್ಯಾಂಪಿನಲ್ಲಿ ಫೋನಿಗೆ ಜೀವ ಬರುವುದು ಪಂಪಿನ ಪಕ್ಕದ ಒಂದೇ ಒಂದು ಬಂಡೆಯ ಮೇಲೆ. ಅವಳು ಹತ್ತಿದೊಡನೆ ಫೋನು ಗುಂಯ್‌ಗುಟ್ಟಿತು. ಪಟ್ಟಣದ ಹಿರಿಯರ ವಸತಿ ಕಚೇರಿಯಿಂದ ಓಪಲ್ ಎನ್ನುವ ಗುಮಾಸ್ತೆ ಧ್ವನಿಸಂದೇಶ ಬಿಟ್ಟಿದ್ದಳು: "ವೆರ್ನಾ ಅವ್ರೇ, ಎರಡನೇ ಮಹಡೀಲಿ ಒಂದು ಮನೆ ಖಾಲಿಯಾಗಿದೆ. ನಾಲ್ಕು ವರ್ಷ ಆದ್ಮೇಲೆ ನಿಮ್ಮ ಸರದಿ ಬಂತು ನೋಡಿ. ಗುರುವಾರ ನಾಲ್ಕು ಗಂಟೆ ಒಳಗೆ ನೀವೇ ಬಂದು ಸಹಿ ಹಾಕ್ಬೇಕು. ಬರ್ಲಿಲ್ಲ ಅಂದ್ರೆ ಮುಂದಿನೋರಿಗೆ ಹೋಗುತ್ತೆ, ನಿಮ್ಮ ಹೆಸರು ಮತ್ತೆ ಪಟ್ಟಿ ಬುಡಕ್ಕೆ."

ನಾಲ್ಕು ವರ್ಷದ ಹಿಂದೆ ಯಾರಿಗೂ ಹೇಳದೆ ಅರ್ಜಿ ಹಾಕಿದ್ದಳು. ಒಂದು ಕೋಣೆ, ಒಂದು ಅಡುಗೆಮನೆ, ಒಳಗಿನಿಂದ ಚಿಲಕ ಹಾಕಬಹುದಾದ ಒಂದು ಬಾಗಿಲು. ರೇನೋನಿಗೆ ಹೇಳಿದರೆ, "ಇಲ್ಲೇನು ಕಮ್ಮಿಯಾಗಿದೆ ನಿಂಗೆ?" ಎಂದು ಕೇಳುತ್ತಿದ್ದ.

ಬಂಡೆಯ ಮೇಲೆ ನಿಂತೇ ಅವನಿಗೆ ಫೋನು ಮಾಡಿದಳು. ಹಿಂದೆ ಮೂವರು ತಮ್ಮ ತಮ್ಮ ಫೋನು ಹಿಡಿದು ಸಾಲು ನಿಂತಿದ್ದರು.

"ಏನೇ, ಜಾಗ ಸಿಕ್ತಾ?" ಎಂದ ರೇನೋ.

"ಸಿಕ್ತು. ನಾಳೆ ಮಧ್ಯಾಹ್ನ ನೀನೋ ಜೋನೆಲೋ ಯಾರಾದ್ರೂ ಒಬ್ರು ಬರೋಕಾಗುತ್ತಾ? ನಾಲ್ಕು ತಾಸು ಕೂತ್ರೆ ಸಾಕು."

"ನಾಳೇನಾ? ದೋಣಿ ಎಂಜಿನ್ ಬಿಚ್ಚಿ ಅಂಗಳ ತುಂಬ ಹರಡ್ಕೊಂಡಿದೀನಿ ಮಾರಾಯ್ತಿ. ಜೋನೆಲ್ ಆಲೂಗಡ್ಡೆ ಬೇಯಿಸ್ತಾ ಕೂತಿದಾಳೆ. ಯಾಕೆ, ಏನಾಯ್ತು?"

"ಪೇಟೇಲಿ ಸ್ವಲ್ಪ ಕೆಲ್ಸ ಇತ್ತು."

"ನಿಂಗೆ ಪೇಟೇಲಿ ಕೆಲ್ಸ! ಯಾವನಾದ್ರೂ ಮುದುಕ ಹೂ ಹಿಡ್ಕೊಂಡು ಕಾಯ್ತಿದಾನಾ?"

ಹಿಂದೆ ನಿಂತವರಲ್ಲಿ ಒಬ್ಬ ಕಿಸಕ್ಕೆಂದ. ಬಂಡೆಯ ಮೇಲಿನ ಮಾತು ಎಲ್ಲರ ಮಾತು. ವೆರ್ನಾ, "ಹಲ್ಲು ನೋವು ಕಣೋ" ಎಂದಳು.

"ಲವಂಗದೆಣ್ಣೆ ಇಟ್ಕೋ. ನೋಡು ವೆರ್ನಾ, ಹದಿನೈದನ್ನ ಮಾತ್ರ ಬಿಡ್ಬೇಡ. ಜೋನೆಲ್ ತಂಗಿ ಮನೆಯೋರು ಐದು ಜನ ಬರ್ತಿದಾರೆ. ನೀರು ಕಾಣೋ ಜಾಗಾನೇ ಕೊಡಿಸ್ತೀನಿ ಅಂತ ಮಾತು ಕೊಟ್ಬಿಟ್ಟಿದೀನಿ."

ಮಾತು ಕೊಟ್ಟವನು ಅವನು, ಕೂತವಳು ಇವಳು. ವೆರ್ನಾ ಬಂಡೆಯಿಂದಿಳಿದು ಹದಿನೈದಕ್ಕೆ ಓಡುತ್ತ ಬಂದಳು. ಆ ಹೊತ್ತಿಗೆ ಬರ್ಡೆಟ್‌ನ ಗಾಡಿ ಕಂಬದ ಮುಂದೆ ನಿಂತಿತ್ತು.

"ಯಾರೂ ಇರ್ಲಿಲ್ಲ ಇಲ್ಲಿ" ಎಂದ ಅವನು.

"ನೀರು ತರೋಕ್ ಹೋಗಿದ್ದೆನಪ್ಪ. ಕೊಡ ನೋಡಿ."

"ಕೊಡ ಖಾಲಿ ಇದೆಯಲ್ಲಾ."

ಫೋನಿನ ಗಡಿಬಿಡಿಯಲ್ಲಿ ನೀರು ತುಂಬಿಸುವುದೇ ಮರೆತಿತ್ತು. ಬರ್ಡೆಟ್ ನಾಯಿಯ ತಲೆ ಸವರುತ್ತ, "ಇಪ್ಪತ್ತು ಕಾರು ಸುತ್ತು ಹಾಕ್ತಿದಾವೆ ವೆರ್ನಮ್ಮ. ನಾನು ಕಣ್ಣು ಮುಚ್ಕೋಬಹುದು, ಅವ್ರು ಮುಚ್ಕೊಳ್ಳಲ್ಲ" ಎಂದು ಹೊರಟುಹೋದ.

ಅವನ ಮಾತು ನಿಜವಾಗಿತ್ತು. ಬುಧವಾರ ಮಧ್ಯಾಹ್ನದಿಂದ ಒಂದು ಹಸಿರು ವ್ಯಾನು ಸುತ್ತುತ್ತಲೇ ಇತ್ತು. ನಡೆಸುತ್ತಿದ್ದವಳು ನಡೀನ್ ಎನ್ನುವ ಹೆಂಗಸು, ಹಿಂದೆ ಹತ್ತು ವರ್ಷದ ಅವಳಿ ಹುಡುಗಿಯರು. ಒಹಾಯೋ ರಾಜ್ಯದಿಂದ ಎರಡು ದಿನ ವ್ಯಾನು ಓಡಿಸಿಕೊಂಡು ಬಂದಿದ್ದಳು. ಸುತ್ತಿಗೊಮ್ಮೆ ಹದಿನೈದರ ಮುಂದೆ ನಿಧಾನ ಮಾಡಿ ತಲೆ ಹೊರಹಾಕುತ್ತಿದ್ದಳು.

"ಅಮ್ಮಾ, ಈ ಎರಡೂ ನಿಮ್ದೇನಾ?"

"ಎರಡೂ ನಮ್ದೇ. ನಮ್ಮೋರು ಐಸ್ ತರೋಕ್ ಹೋಗಿದಾರೆ."

ಇಪ್ಪತ್ತೊಂಬತ್ತು ವರ್ಷದಿಂದ ವೆರ್ನಾ ಹೇಳುತ್ತ ಬಂದ ಸುಳ್ಳು ಅದು. ಇನ್ನೊಂದು ಸುತ್ತು ಬಂದಾಗ ನಡೀನ್ ನಕ್ಕಳು: "ಇನ್ನೂ ಬರ್ಲಿಲ್ವಾ? ಐಸ್ ತರೋಕೆ ಉತ್ತರ ಧ್ರುವಕ್ಕೇ ಹೋದ್ರೇನು?" ಹುಡುಗಿಯರು ಹಿಂದಿನ ಸೀಟಿನಲ್ಲಿ ಬಿದ್ದು ಬಿದ್ದು ನಕ್ಕರು. ವೆರ್ನಾ ಕಿವಿಯವರೆಗೂ ಕೆಂಪಾದಳು.

ಗುರುವಾರ ಬೆಳಗಾಯಿತು. ರಾತ್ರಿ ರಕೂನು ಎಂಬ ಕಾಡುಪ್ರಾಣಿ ಬಂದು ಬ್ರೆಡ್ಡು ಎಳೆದುಕೊಂಡು ಹೋಗಿತ್ತು. ಹದಿನಾರನೇ ನಂಬರಿನವರು ತಮ್ಮ ಜನರೇಟರು ಹಾಕಿ ಅದರ ಸದ್ದಿಗಿಂತ ಜೋರಾಗಿ ಹಾಡು ಹಾಕಿದ್ದರು. ಸೊಳ್ಳೆಗಳು ಕಾಫಿಯ ಬಟ್ಟಲಿಗೂ ಬಿದ್ದವು. ವೆರ್ನಾ ಕುರ್ಚಿಯ ಮೇಲೆ ಕೂತು ಗಡಿಯಾರ ನೋಡಿದಳು. ಪಟ್ಟಣಕ್ಕೆ ಒಂದೂವರೆ ತಾಸಿನ ದಾರಿ. ಎರಡೂವರೆಯ ಒಳಗೆ ಹೊರಡಬೇಕು. ಪಕ್ಕದವರಿಗೆ ಜಾಗ ನೋಡಿಕೊಳ್ಳಿ ಎನ್ನೋಣವೆಂದರೆ ಪಕ್ಕದವರೂ ಇವಳಂತೆಯೇ ತಮ್ಮ ತಮ್ಮ ಕುರ್ಚಿಗೆ ಅಂಟಿಕೊಂಡವರು. ಹದಿಮೂರರಲ್ಲೊಬ್ಬ ಮಾವ, ಹದಿನೇಳರಲ್ಲೊಬ್ಬಳು ಅಜ್ಜಿ. ಸುತ್ತಲೂ ಕಾಡು, ಎದುರಿಗೆ ಸಮುದ್ರದಂಥ ನೀರು, ಜನರೆಲ್ಲ ಬಿಡುವಾಗಿರಲು ಬಂದವರು. ಅವಳಿಗೆ ಮಾತ್ರ ಕುರ್ಚಿಯಿಂದ ಹತ್ತು ಹೆಜ್ಜೆ ಹೋಗುವ ಹಾಗಿರಲಿಲ್ಲ.

ಹನ್ನೆರಡಾಯಿತು. ಒಂದಾಯಿತು. ತಂದಿದ್ದ ಪ್ಯಾಸ್ಟಿಯ, ಅಂದರೆ ಮಾಂಸ ತುಂಬಿ ಸುಟ್ಟ ಕಡುಬಿನ, ತುದಿ ಕಚ್ಚಿ ಹಾಗೇ ಕಾಗದದಲ್ಲಿ ಸುತ್ತಿಟ್ಟಳು. ಓಪಲ್ ಪಟ್ಟಿಯಲ್ಲಿ ಮುಂದಿನವರಿಗೆ ಫೋನು ಮಾಡುವುದು ಕಣ್ಣಿಗೆ ಕಟ್ಟಿತು. ಇನ್ನು ನಾಲ್ಕು ವರ್ಷ ಎಂದರೆ ಅರವತ್ತೈದು. ಪರದೆಯಾಚೆ ಒಗೆಯುವ ಯಂತ್ರ ಗಡಗಡ ತಿರುಗುವುದು ಕಿವಿಗೆ ಬಿತ್ತು. ಅದು ಜನರೇಟರಿನ ಸದ್ದು ಎಂದು ಆಮೇಲೆ ಹೊಳೆಯಿತು.

ಎರಡೂವರೆಗೆ ಹಸಿರು ವ್ಯಾನು ಮತ್ತೆ ಬಂತು. ನಡೀನ್ ಈ ಸಲ ತಲೆ ಹೊರಹಾಕದೆ ಸ್ಟೀರಿಂಗಿಗೆ ಒರಗಿದ್ದಳು. ಕಣ್ಣು ಕೆಂಪಾಗಿದ್ದವು, ಹುಡುಗಿಯರು ಕಿಟಕಿಗೆ ಮುಖ ಒತ್ತಿ ಮಲಗಿದ್ದರು. ರಾತ್ರಿ ಮೂವರೂ ಹೆದ್ದಾರಿ ಪಕ್ಕದ ಪಾರ್ಕಿಂಗಿನಲ್ಲಿ ಕೂತೇ ನಿದ್ದೆ ಮಾಡಿದ್ದರು.

ವೆರ್ನಾ ಕುರ್ಚಿಯಿಂದೆದ್ದು ದಾರಿಗೆ ಬಂದು ಕೈ ಅಡ್ಡ ಹಿಡಿದಳು.

"ಐಸ್ ಬಂತೇನಮ್ಮಾ?" ಎಂದಳು ನಡೀನ್.

"ಯಾರೂ ಐಸ್ ತರೋಕ್ ಹೋಗಿಲ್ಲ. ಹದಿನೈದು ನೀನು ತಗೋ."

"ಏನು?"

"ಚೀಟಿ ಕಿತ್ತು ಕೊಡ್ತೀನಿ, ನಿನ್ನ ಹೆಸರು ಬರ್ಕೋ. ಆದ್ರೆ ಒಂದು ಮಾತು. ನಾನು ಕಾರು ತಗೊಂಡು ಪೇಟೆಗೆ ಹೋಗ್ಬೇಕು. ಆರು ಗಂಟೆವರೆಗೂ ನಿನ್ನ ಮಕ್ಳು ಈ ಹದಿನಾಲ್ಕರ ಮೇಜಿನ ಹತ್ರ ಕೂತಿರ್ಬೇಕು. ಏಳೋ ಹಂಗಿಲ್ಲ."

"ಅಷ್ಟೇನಾ? ಅವ್ರಿಗೆ ಇಸ್ಪೀಟು ಕೊಟ್ರೆ ನಾಳೆವರೆಗೂ ಏಳಲ್ಲ" ಎಂದು ನಡೀನ್ ವ್ಯಾನಿನಿಂದ ಇಳಿದೇಬಿಟ್ಟಳು. ಆಮೇಲೆ, "ನಿಮ್ಮೋರು ಬಂದ್ರೆ ಬೈಯಲ್ವಾ?" ಎಂದಳು.

"ಬೈತಾರೆ" ಎಂದಳು ವೆರ್ನಾ.

ಚೀಟಿಯನ್ನು ಒಂದೇ ಸಲಕ್ಕೆ ಕಿತ್ತಳು, ಕಂಬದ ಕ್ಲಿಪ್ಪು ನೆಲಕ್ಕೆ ಬಿತ್ತು. ಕಾರು ಹೊರಟಾಗ ಎರಡೂಮುಕ್ಕಾಲಾಗಿತ್ತು. ಹದಿನೈದು ನಿಮಿಷ ತಡ. ದಾರಿಯಲ್ಲಿ ಎದುರಿಗೆ ಬರುತ್ತಿದ್ದುದೆಲ್ಲ ದೋಣಿ ಎಳೆಯುವ ಗಾಡಿಗಳು, ತಲೆಯ ಮೇಲೆ ಸೈಕಲ್ಲು ಹೊತ್ತ ಕಾರುಗಳು. ಪಟ್ಟಣದ ಕಡೆಗೆ ಹೋಗುತ್ತಿದ್ದವಳು ಇವಳೊಬ್ಬಳೇ. ಅವಳ ಬದಿಯ ರಸ್ತೆ ಖಾಲಿಯಿತ್ತು, ಆ ಖಾಲಿಯೇ ಅವಳನ್ನು ಸಮಯಕ್ಕೆ ತಲುಪಿಸಿತು. ಕಚೇರಿಯ ಬಾಗಿಲಿಗೆ ಓಪಲ್ ಬೀಗದ ಕೈ ಹಿಡಿದು ಬಂದಿದ್ದಳು.

"ನೀವು ಬರಲ್ಲ ಅಂದ್ಕೊಂಡೆ" ಎಂದಳು. ವೆರ್ನಾಳ ಮೈಯೆಲ್ಲ ಸೌದೆಯ ಹೊಗೆ ನಾತ. ಸಹಿ ಹಾಕಿದ ಕಾಗದದ ಮೇಲೂ ಹೆಬ್ಬೆರಳಿನ ಮಸಿ ಮೂಡಿತು. ಓಪಲ್ ಅದನ್ನು ಒರೆಸಲು ಹೋಗಿ, "ಇರ್ಲಿ ಬಿಡಿ" ಎಂದಳು. ತಿಂಗಳ ಹದಿನೈದಕ್ಕೆ ಮನೆ ಬಿಟ್ಟುಕೊಡುತ್ತಾರೆ ಎಂದು ಹೇಳಿದಳು. ವೆರ್ನಾ ಆರಕ್ಕೆ ಮೊದಲೇ ಕ್ಯಾಂಪಿಗೆ ಮರಳಿದಾಗ ಹುಡುಗಿಯರು ಹದಿನಾಲ್ಕರ ಮೇಜಿನಲ್ಲಿ ಇಸ್ಪೀಟು ಆಡುತ್ತಲೇ ಇದ್ದರು.

ಶುಕ್ರವಾರ ಹತ್ತು ಗಂಟೆಗೆ ರೇನೋನ ಸಂಸಾರ ಎರಡು ಗಾಡಿಯಲ್ಲಿ ಬಂದಿಳಿಯಿತು. ಎಂಟು ಜನ. ರೇನೋ ಹದಿನೈದರಲ್ಲಿ ಹಸಿರು ವ್ಯಾನು ನೋಡಿದ, ಕಂಬದ ಚೀಟಿ ನೋಡಿದ, ಅಕ್ಕನನ್ನು ನೋಡಿದ.

"ಇದ್ಯಾರೇ?"

"ಅವ್ರ ಹೆಸ್ರು ನಡೀನ್. ನಾನೇ ಕೊಟ್ಟೆ."

"ಕೊಟ್ಟೆ ಅಂದ್ರೆ? ಬಟಾಣಿ ಡಬ್ಬಿ ಕೊಟ್ಟಂಗೆ ಕೊಟ್ಬಿಟ್ಯಾ? ಜೋನೆಲ್ ತಂಗಿ ಇನ್ನೊಂದು ತಾಸಿಗೆ ಬರ್ತಾಳೆ!"

ಹಲ್ಲು ನೋವೆಂದು ಇನ್ನೊಮ್ಮೆ ಹೇಳಬಹುದಿತ್ತು. ವೆರ್ನಾ ಹೇಳಲಿಲ್ಲ. ಮನೆಯ ವಿಷಯ, ಸಹಿಯ ವಿಷಯ, ಹದಿನೈದನೇ ತಾರೀಕಿನ ವಿಷಯ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಆಮೇಲೆ ಜೋನೆಲ್ ಕೈಲಿದ್ದ ಆಲೂಗಡ್ಡೆ ಸಲಾಡಿನ ಪಾತ್ರೆಯನ್ನು ಮೇಜಿನ ಮೇಲಿಟ್ಟು, "ಹಾಗಾದ್ರೆ ಮುಂದಿನ ವರ್ಷ ಜಾಗ ಹಿಡಿಯೋರು ಯಾರು?" ಎಂದಳು. ಬೇಕೆಂದು ಚುಚ್ಚಿದ್ದಲ್ಲ, ನಿಜವಾಗಿಯೂ ಅದೇ ಅವಳಿಗೆ ಮೊದಲು ತೋಚಿದ್ದು.

ಜೋನೆಲ್ ಬಂಡೆ ಹತ್ತಿ ತಂಗಿಗೆ ಬರಬೇಡವೆಂದು ಹೇಳಿ ಬಂದಳು. ತಿರುಗಿ ಬರುವಾಗ ಮುಖ ಊದಿಕೊಂಡಿತ್ತು. ಗುಡಾರಗಳೆಲ್ಲ ಹದಿನಾಲ್ಕರೊಳಗೇ ಒತ್ತೊತ್ತಾಗಿ ಎದ್ದವು, ಒಂದರ ಹಗ್ಗ ಇನ್ನೊಂದರ ಬಾಗಿಲಿಗೆ ಬಂತು. ಆಗ ಬರ್ಡೆಟ್‌ನ ಗಾಡಿ ಬಂದು ನಿಂತಿತು. ಅವನು ಬೆರಳಿನಲ್ಲಿ ತಲೆ ಎಣಿಸಿದ.

"ಒಂಬತ್ತು. ಒಂದು ನಂಬರಿಗೆ ಎಂಟೇ ಜನ ರೇನೋ. ನಾನು ಮಾಡಿದ ಕಾನೂನಲ್ಲ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಂಟೂ ಮುಖಗಳು ನಿಧಾನವಾಗಿ ವೆರ್ನಾಳ ಕಡೆಗೇ ತಿರುಗಿದವು.

"ಹಾಗಲ್ಲ ಕಣೇ..." ಎಂದು ರೇನೋ ಶುರುಮಾಡಿದ. ತೋಳಿನ ಮೇಲೆ ಕೂತ ಸೊಳ್ಳೆಯನ್ನು ಹೊಡೆದುಕೊಂಡ.

ಹೋಗಬೇಕೆಂದು ವೆರ್ನಾ ನಾಲ್ಕು ವರ್ಷ ಅಂದುಕೊಂಡದ್ದೇ ಬೇರೆ, ಹೋಗೆಂದು ಎಂಟು ಜನ ಕಣ್ಣಲ್ಲೇ ಹೇಳುವುದೇ ಬೇರೆ. ಅವಳು ತನ್ನ ಪುಟ್ಟ ಗುಡಾರದ ಗೂಟ ಕಿತ್ತಳು. ಯಾರೂ ತಡೆಯಲಿಲ್ಲ. ಹೆಣಿಗೆಯ ಚೀಲ, ಕಾಫಿಯ ಪಾತ್ರೆ ಕಾರಿಗೆ ಹಾಕಿಕೊಂಡಳು. ಜೋನೆಲ್ ಒಂದು ಡಬ್ಬಿಗೆ ಸಲಾಡು ತುಂಬಿ ಕಿಟಕಿಯಿಂದ ಒಳಗಿಟ್ಟಳು.

"ಮನೇಲಿ ಬಾಯ್ಲರ್ ಆರ್ಸಿದೀವಿ. ಬಿಸಿನೀರು ಬೇಕಂದ್ರೆ ಹೊತ್ತಿಸ್ಕೋ" ಎಂದಳು.

ಕ್ಯಾಂಪಿನ ಬಾಗಿಲಲ್ಲಿ ಕಾರುಗಳ ಸಾಲು ಹೆದ್ದಾರಿಯವರೆಗೂ ನಿಂತಿತ್ತು. ಒಳಗಿನಿಂದ ಒಂದು ಕಾರು ಹೊರಬರುವುದನ್ನು ಕಂಡದ್ದೇ ಸಾಲಿನ ತಲೆಗಳೆಲ್ಲ ಕಿಟಕಿಯಿಂದ ಹೊರಬಂದವು. ಮುಂದಿದ್ದ ಟೋಪಿಯವನು ಕೈ ಬೀಸಿ ನಿಲ್ಲಿಸಿದ.

"ಅಮ್ಮಾ, ಅಮ್ಮಾ! ಹೊರಟ್ರಾ? ಯಾವ ನಂಬರು ಖಾಲಿಯಾಯ್ತು?"

"ಯಾವ ನಂಬರೂ ಇಲ್ಲಪ್ಪ. ನಾನೊಬ್ಳೇ ಹೊರಟಿರೋದು."

ಅವನು ನಂಬಲಿಲ್ಲ. ಹೆಂಡತಿಯ ಕಡೆ ತಿರುಗಿ, "ಹೇಳಲ್ಲ ನೋಡು, ಯಾರಿಗೋ ಇಟ್ಟಿದಾಳೆ" ಎನ್ನುತ್ತ ಖಾಲಿ ಜಾಗ ಹುಡುಕಲು ಭರ್ರನೆ ಒಳಗೆ ನುಗ್ಗಿದ. ಅವನ ಹಿಂದೆ ಇನ್ನೂ ಮೂರು ಕಾರು ನುಗ್ಗಿದವು. ಅವು ದಾಟಿ ಹೋಗುವವರೆಗೂ ವೆರ್ನಾ ಬದಿಗೆ ನಿಂತು ಕಾದಳು. ಆಮೇಲೆ ಗೇರು ಹಾಕಿ ಹೆದ್ದಾರಿಗೆ ಇಳಿದಳು.